ನೀರಿನ ಮುಯ್ಯಿ

ಮೊನ್ನೆ ಸಂಜೆ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಬೆಂಕಿಕಡ್ಡಿಯೊಂದಕ್ಕೆ ಬಿಳಿ ದಾರ ಸುತ್ತುತ್ತಿದ್ದಳು. ಅವಳ ಅವ್ವ ಗುಂಡಿ ಹಚ್ಚಿ ಉಳಿಸಿದ್ದ ದಾರ. ನಾಲಗೆಯ ತುದಿ ಹೊರಗೆ ಹಾಕಿಕೊಂಡು, ದಾರ ಎಲ್ಲಿ ಹರಿಯುತ್ತದೋ ಎಂದು ಮೆಲ್ಲಗೆ ಒಂದೊಂದೇ ಸುತ್ತು ಹಾಕುತ್ತಿದ್ದಳು. ಸೊಸೆ ಒಳಗಿನಿಂದ ಊಟಕ್ಕೆ ಕರೆದಳು. ನಾನು ಏಳಲಿಲ್ಲ. ಅಜ್ಜಿಗೆ ಕಿವಿ ಇನ್ನಷ್ಟು ಮಂದವಾಯಿತು ಎಂದುಕೊಂಡಿರಬೇಕು. ಕಿವಿ ನೆಟ್ಟಗೇ ಇತ್ತು, ಕಣ್ಣು ಮಾತ್ರ ಆ ಕಡ್ಡಿಯ ಮೇಲೆ ನಿಂತುಬಿಟ್ಟಿತ್ತು.

ನಮ್ಮ ಕಾಲದವರಿಗೆ ಕಡ್ಡಿಗೆ ಸುತ್ತಿದ ಬಿಳಿ ಎಳೆ ಎಂದರೆ ಆಟದ ಸಾಮಾನಲ್ಲ, ನಾರುಹುಣ್ಣು. ಈಗಿನ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ, ಗೊತ್ತಾಗದೇ ಇರಲಿ. ಕಾಲಿನ ಮೇಲೆ ಒಂದು ಬೊಕ್ಕೆ ಏಳುತ್ತಿತ್ತು. ಕೆಂಡ ಇಟ್ಟ ಹಾಗೆ ಉರಿ. ಬೊಕ್ಕೆ ಒಡೆದರೆ ಒಳಗಿನಿಂದ ಬಿಳಿಯ ಹುಳದ ತುದಿ, ಥೇಟ್ ದಾರದ ಹಾಗೆ. ಎಳೆದರೆ ಹರಿದು ಒಳಗೇ ಉಳಿದು ಕಾಲಲ್ಲಿ ಕೀವಾಗುತ್ತದೆ. ಅದಕ್ಕೇ ಒಂದು ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಇಷ್ಟಿಷ್ಟೇ ಸುತ್ತುತ್ತ ಹೊರಗೆ ತರಬೇಕು. ವಾರಗಟ್ಟಲೆ ಕಾಲು ಊರಲು ಬರುತ್ತಿರಲಿಲ್ಲ.

ಆದರೆ ದಾರ ನೋಡಿ ನನಗೆ ನೆನಪಾದದ್ದು ಹುಣ್ಣಲ್ಲ, ನಮ್ಮ ಎದುರುಮನೆಯ ದೊಡ್ಡವ್ವ...

ನನ್ನನ್ನು ತಡಸದಿಂದ ಹಂಸಭಾವಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಎರಡನೆಯ ಮಹಾಯುದ್ಧದ ಸುದ್ದಿ ಇನ್ನೂ ನಮ್ಮ ಕಡೆ ಬಂದಿರಲಿಲ್ಲ, ಸೀಮೆಎಣ್ಣೆ ಇನ್ನೂ ಕೇಳಿದಷ್ಟು ಸಿಗುತ್ತಿತ್ತು. ಮೈನೆರೆದು ಗಂಡನ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಅತ್ತೆ ಕೆಟ್ಟವಳಲ್ಲ, ಆದರೆ ಮನೆತನದ ಜಂಬ ಬಹಳ. ನಮ್ಮ ಮನೆಯಲ್ಲಿ ಯಾರೂ ಇಂಥದು ಮಾಡಿಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಇಂಥದು ಬಂದಿಲ್ಲ ಎಂಬ ಮಾತಿನಿಂದಲೇ ಅವಳ ಬೆಳಗು ಆಗುತ್ತಿತ್ತು. ಬಂದಿಲ್ಲ ಎಂಬುದರಲ್ಲಿ ನಾರುಹುಣ್ಣೂ ಸೇರಿತ್ತು.

ದೊಡ್ಡವ್ವ ನಮಗೆ ಸಂಬಂಧಿಯಲ್ಲ. ಊರಿಗೆಲ್ಲ ಅವಳು ದೊಡ್ಡವ್ವ. ಗಂಡ ತೀರಿಹೋಗಿದ್ದ, ಮಗಳನ್ನು ಅಕ್ಕಿಆಲೂರಿಗೆ ಕೊಟ್ಟಿದ್ದಳು, ಒಬ್ಬಳೇ ಇದ್ದಳು. ಬಲಗಾಲು ಮೊಣಕಾಲಲ್ಲಿ ಬಾಗುತ್ತಿರಲಿಲ್ಲ. ಬಾಗದ ಕಾಲನ್ನು ಮುಂದೆ ಚಾಚಿ ಚಾಚಿ ಇಡುತ್ತ ಬಾವಿಯ ಮೆಟ್ಟಿಲು ಇಳಿಯುವಳು, ತುಂಬಿದ ಕೊಡ ಹೊತ್ತು ಹಾಗೆಯೇ ಹತ್ತುವಳು. ಹೊಸಬಳಾದ ನಾನು ಒಮ್ಮೆ ಅವಳ ಕೊಡಕ್ಕೆ ಕೈ ಹಾಕಿದೆ.

"ಬ್ಯಾಡ ಬಿಡು ತಂಗಿ," ಎಂದಳು. "ನನ್ನ ಕೊಡ ನಾನಽ ಹೊರತೇನಿ."

ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಎರಡನೆಯ ಸಲ ಕೈ ಹಾಕುವ ಧೈರ್ಯ ನನಗೆ ಬರಲಿಲ್ಲ. ಅವಳು ಯಾರ ಮನೆಯಿಂದಲೂ ಒಂದು ಚಿಟಿಕೆ ಉಪ್ಪು ಕಡ ತಂದವಳಲ್ಲ ಎಂದು ಆಮೇಲೆ ತಿಳಿಯಿತು.

ಊರಿಗೆ ಸಿಹಿನೀರಿನ ಬಾವಿ ಅದೊಂದೇ. ಮೆಟ್ಟಿಲು ಇಳಿದು, ಮೊಣಕಾಲುಮಟ ನೀರಿನಲ್ಲಿ ನಿಂತು, ಕೊಡ ಮುಳುಗಿಸಿ ತುಂಬಬೇಕು. ಎಲ್ಲರ ಕಾಲೂ ಆ ನೀರಿನಲ್ಲೇ, ಎಲ್ಲರ ಹೊಟ್ಟೆಗೂ ಆ ನೀರೇ. ಇದು ನಮಗೆ ಯಾರಿಗೂ ವಿಚಿತ್ರ ಎನ್ನಿಸಿರಲಿಲ್ಲ.

ಆ ಬೇಸಿಗೆ ತಾಲೂಕಿನಿಂದ ಒಬ್ಬ ಆರೋಗ್ಯದ ಸಾಹೇಬರು ಬಂದರು. ತಲೆಗೆ ಟೊಪ್ಪಿಗೆ, ಸೈಕಲ್ಲಿನ ಹಿಂದೆ ಒಂದು ಪೆಟ್ಟಿಗೆ. ಚಾವಡಿಯ ಗೋಡೆಗೆ ದೊಡ್ಡದೊಂದು ಚಿತ್ರ ತೂಗುಹಾಕಿದರು. ಬಾತುಹೋದ ಕಾಲು, ಅದರಿಂದ ಜೋತಾಡುವ ಹುಳ. ಹುಡುಗರು ಅತ್ತುಬಿಟ್ಟರು. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಮೇಲೆ ಭೂತಗನ್ನಡಿ ಇಟ್ಟು ಒಬ್ಬೊಬ್ಬರಿಗೂ ತೋರಿಸಿದರು. ಧೂಳಿನ ಕಣದಂಥವು ಪುಟುಪುಟು ಜಿಗಿಯುತ್ತಿದ್ದವು. ಹುಣ್ಣಿನ ಕಾಲು ನೀರಿಗೆ ಇಳಿದರೆ ಹುಳ ಮರಿ ಬಿಡುತ್ತದೆ, ಆ ಮರಿಗಳನ್ನು ಈ ಕಣಗಳು ನುಂಗುತ್ತವೆ, ಕಣಗಳನ್ನು ನೀವು ಕುಡಿಯುತ್ತೀರಿ, ಮುಂದಿನ ವರ್ಷ ನಿಮ್ಮ ಕಾಲಲ್ಲಿ ಏಳುತ್ತದೆ ಎಂದರು. ಹುಣ್ಣಿದ್ದವರು ಬಾವಿಗೆ ಇಳಿಯಬೇಡಿರಿ, ನೀರನ್ನು ಮಡಚಿದ ಅರಿವೆಯಲ್ಲಿ ಸೋಸಿ ಕುಡಿಯಿರಿ. ಒಳ್ಳೆಯ ಮನುಷ್ಯ. ಗಂಟಲು ಒಣಗುವ ತನಕ ಹೇಳಿದರು. ಮುಂದಿನ ಊರಿಗೂ ಹೋಗಬೇಕಿತ್ತು, ಹೋದರು.

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೆ ಊರು ಅದರಲ್ಲಿ ಅಂಜಿಕೆಯೊಂದನ್ನೇ ಹಿಡಿದುಕೊಂಡಿತು. ಮಾರನೆಯ ದಿನ ಗೌಡರು ಡಂಗುರ ಹೊಡೆಸಿದರು. ನಾರು ಎದ್ದವರು ಯಾರಾದರೂ ಬಾವಿಗೆ ಇಳಿದರೆ ಆ ಮನೆಗೆ ಬಾವಿ ಬಂದ್. ಅಷ್ಟೇ ತಡ, ಊರಲ್ಲಿ ಒಬ್ಬರಿಗೂ ನಾರುಹುಣ್ಣು ಇಲ್ಲದಂತಾಯಿತು. ಕಾಲಿಗೆ ಅರಿವೆ ಕಟ್ಟಿಕೊಂಡವರೆಲ್ಲ ಮುಳ್ಳು ನೆಟ್ಟಿದೆ ಎನ್ನುವವರೇ. ನಸುಕಿನಲ್ಲಿ, ಮುಖ ಕಾಣದ ಹೊತ್ತಿಗೆ ಹೋಗಿ ನೀರು ತರುವವರು ಹೆಚ್ಚಾದರು. ಇಳಿಯಬೇಡ ಎಂದರೆ ಸರಿ, ನೀರನ್ನು ಯಾರು ತಂದುಕೊಡಬೇಕು? ಅದನ್ನು ಸಾಹೇಬರೂ ಹೇಳಿರಲಿಲ್ಲ, ಡಂಗುರದವನೂ ಸಾರಿರಲಿಲ್ಲ.

ಆ ವಾರದಲ್ಲೇ ನನ್ನ ಎಡಗಾಲಿನ ಹರಡಿನ ಮೇಲೆ ಬೊಕ್ಕೆ ಎದ್ದಿತು.

ನನಗೆ ನೋವಿನ ಚಿಂತೆ ಇರಲಿಲ್ಲ. ಸವಣೂರು ಕಡೆ ಕೊಟ್ಟಿದ್ದ ನಮ್ಮ ಅಕ್ಕನಿಗೆ ಹಿಂದಿನ ವರ್ಷ ಇದೇ ಹುಣ್ಣಾಗಿತ್ತು. ಕಾಲು ನೆಟ್ಟಗಾದ ಮೇಲೆ ಕರೆಸಿಕೊಳ್ಳುತ್ತೇವೆ ಎಂದು ತವರಿಗೆ ಕಳಿಸಿದವರು ಮತ್ತೆ ಕರೆಯಲು ಬರಲೇ ಇಲ್ಲ. ಅಕ್ಕ ತಡಸದ ಮನೆಯ ಬಾಗಿಲಲ್ಲಿ ಕುಳಿತು ಗಾಡಿಯ ಸಪ್ಪಳ ಕೇಳಿದಾಗಲೆಲ್ಲ ತಲೆ ಎತ್ತುತ್ತಿದ್ದಳು. ಆ ಬಾಗಿಲಿನ ಇನ್ನೊಂದು ಬದಿಗೆ ನಾನೂ ಕೂಡುವ ದಿನ ಬಂತು ಎನ್ನಿಸಿತು. ಅಪ್ಪ ಇಬ್ಬರನ್ನೂ ಹೇಗೆ ನೋಡುತ್ತಾನೆ... ಅರಿಷಿಣ ಹಚ್ಚಿ, ಹಳೆ ಸೀರೆಯ ಅಂಚು ಕಟ್ಟಿ, ಮುಳ್ಳು ನೆಟ್ಟಿದೆ ಎಂದು ಅತ್ತೆಗೆ ಹೇಳಿದೆ. ಉರಿ ಮಾತ್ರ ಸುಳ್ಳು ಕೇಳುವುದಿಲ್ಲ. ಒಮ್ಮೆ ಆ ಬಾವಿಯ ತಣ್ಣನೆಯ ನೀರಿನಲ್ಲಿ ಕಾಲಿಟ್ಟು ನಿಂತರೆ ಸಾಕು ಎಂದು ಜೀವ ಹಾತೊರೆಯುತ್ತಿತ್ತು. ಆ ಹುಳದ ಆಟವೇ ಅದು, ಮನುಷ್ಯನನ್ನು ತಾನಾಗಿ ನೀರಿಗೆ ಎಳೆಯುತ್ತದೆ.

ಎರಡು ದಿನ ಸಗಣಿ ಬಳಿಯುವ ಕೆಲಸ, ಜ್ವಾಳ ಹಸನು ಮಾಡುವ ಕೆಲಸ ಎಂದು ನೀರಿಗೆ ಹೋಗುವುದನ್ನು ತಪ್ಪಿಸಿದೆ. ಮೂರನೆಯ ಬೆಳಿಗ್ಗೆ ಅತ್ತೆ ಕೊಡವನ್ನು ನನ್ನ ಮುಂದೆಯೇ ತಂದಿಟ್ಟಳು. ಹೊರಟೆ. ಎದುರುಮನೆಯ ಕಟ್ಟೆಯ ಮೇಲೆ ದೊಡ್ಡವ್ವ ಕುಳಿತಿದ್ದಳು. ಹಿಂದಿನ ಸಂಜೆಯೂ ಅಲ್ಲೇ ಕುಳಿತು ನಾನು ಕುಂಟುತ್ತ ಅಂಗಳ ಗುಡಿಸುವುದನ್ನು ನೋಡುತ್ತಿದ್ದಳು. ಈಗ ನನ್ನನ್ನು ಕಂಡು ಎದ್ದಳು. ತನ್ನ ಕೊಡ ತೆಗೆದುಕೊಂಡು ನನ್ನ ಮುಂದೆ ಮುಂದೆ ನಡೆದಳು. ಅವಳ ಬಲಗಾಲಿನ ಹಿಮ್ಮಡಿಯ ಹತ್ತಿರ ಒಂದು ಅರಿವೆ ಸುತ್ತಿತ್ತು, ಅದರ ಸಂದಿನಿಂದ ಕಡ್ಡಿಯ ತುದಿ ಕಾಣುತ್ತಿತ್ತು.

ಬಾವಿಯ ಹತ್ತಿರ ಹೆಂಗಸರ ಗದ್ದಲ ಎಂದಿನಂತೇ ಇತ್ತು. ದೊಡ್ಡವ್ವ ಇಳಿಯಲಿಲ್ಲ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ಕುಳಿತಳು. ಬಾಗದ ಕಾಲನ್ನು ಮುಂದೆ ಚಾಚಿ, ಅರಿವೆಯನ್ನು ಒಂದಿಷ್ಟು ಸರಿಸಿದಳು. ಕಡ್ಡಿ, ಅದಕ್ಕೆ ಸುತ್ತಿದ ಬಿಳಿ ಎಳೆ.

"ನಂಗ ನಾರು ಎದ್ದೈತಿ," ಎಂದಳು, ಪೇಟೆಯಲ್ಲಿ ಎಣ್ಣೆಯ ದರ ಕೇಳುವ ದನಿಯಲ್ಲಿ. "ನಾ ಇಳಿಯೂದಿಲ್ಲ. ಯಾರರ ನನ್ನ ಕೊಡ ತುಂಬಿ ಕೊಡ್ರಿ. ನಾ ಅವರಿಗೆ ಕುಂತ ಮಾಡೂ ಕೆಲಸ ಏನರ ಮಾಡಿಕೊಡ್ತೇನಿ. ಮುಯ್ಯಿ."

ಮುಯ್ಯಿ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಂದು ನಾನು ನಿನ್ನ ಹೊಲಕ್ಕೆ ಕಳೆ ತೆಗೆಯಲು ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರುವುದು. ಅದರಲ್ಲಿ ಕೂಲಿಯಿಲ್ಲ, ಉಪಕಾರದ ಮಾತೂ ಇಲ್ಲ. ಮುಯ್ಯಿಗೆ ಕರೆದರೆ ಇಲ್ಲ ಎನ್ನುವ ಮನೆ ಊರಲ್ಲಿ ಇರಲಿಲ್ಲ. ಆದರೆ ಹೊಲಕ್ಕೆ ಮುಯ್ಯಿ ಕೇಳಿದ್ದುಂಟು, ಮದುವೆಯ ಅಡುಗೆಗೆ ಕೇಳಿದ್ದುಂಟು. ನೀರಿಗೆ ಯಾರೂ ಕೇಳಿರಲಿಲ್ಲ. ಅದರಲ್ಲೂ ತನ್ನ ಕೊಡ ಮುಟ್ಟಗೊಡದ ಈ ಹೆಂಗಸು.

ಗದ್ದಲ ನಿಂತುಹೋಯಿತು. ಕೆಲವರು ಕಾಲಿನ ಕಡೆ ನೋಡಿ ಮುಖ ತಿರುಗಿಸಿದರು. ಕೊನೆಗೆ ಗಾಣಿಗರ ಮನೆಯ ಹೆಂಗಸು, ಊರಲ್ಲಿ ಎಲ್ಲರಿಗಿಂತ ಬಾಯಿ ಜೋರಿನವಳು, ನೀರಿನಿಂದ ಮೇಲೆ ಬಂದಳು.

"ಕೊಡ ಇತ್ಲಾಗ ತಾ ದೊಡ್ಡವ್ವ. ನನ್ನ ಹತ್ತಿ ಬಿಡಸೂದು ಉಳದೈತಿ. ಬಿಡಿಸಿಕೊಡಬೇಕ ಮತ್ತ."

"ಬಿಡಸ್ತೇನಿ."

ಆಗ ದೊಡ್ಡವ್ವ ನನ್ನ ಕಡೆ ನೋಡಲಿಲ್ಲ. ನಿನಗೂ ಇದೆಯಲ್ಲ ಎನ್ನಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ. ಕುಳಿತಲ್ಲೇ ಒಂದು ಬದಿಗೆ ಸರಿದಳು, ಅಷ್ಟೇ. ಮೆಟ್ಟಿಲ ಮೇಲೆ ಇನ್ನೊಬ್ಬರು ಕೂಡುವಷ್ಟು ಜಾಗವಾಯಿತು.

ನಾನು ಆ ಜಾಗವನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ... ಕೆಳಗೆ ತಣ್ಣನೆಯ ನೀರು, ಪಕ್ಕದಲ್ಲಿ ಆ ಜಾಗ. ಕೊಡವನ್ನು ಕೆಳಗಿಟ್ಟು ಅಲ್ಲಿ ಕುಳಿತೆ. "ನಂಗೂ ಎದ್ದೈತ್ರಿ," ಎಂದೆ. ದೊಡ್ಡವ್ವ ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು, ಕಣ್ಣು ಒರೆಸಿಕೊಳ್ಳಲು. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬಳು, ಮುಳ್ಳು ನೆಟ್ಟವಳು, ಕುಂಟುತ್ತ ಬಂದು ಕೆಳಗಿನ ಮೆಟ್ಟಿಲಲ್ಲಿ ಕುಳಿತಳು.

ಆದರೆ ನನ್ನ ಗತಿ ತೀರ್ಮಾನವಾಗುವುದು ಬಾವಿಯಲ್ಲಲ್ಲ, ನಮ್ಮ ಮನೆಯ ಹೊಸ್ತಿಲಲ್ಲಿ. ನನ್ನ ಕೊಡವನ್ನು ಬೇರೆಯವರ ತಲೆಯ ಮೇಲೆ ನೋಡಿ ಅತ್ತೆ ಬಾಗಿಲಿಗೆ ಬಂದಳು. ನನ್ನ ಕಾಲು ನೋಡಿದಳು. ಮುಖ ಬಿಗಿಯಿತು. ತಡಸದ ಗಾಡಿ ಕಟ್ಟಿಸುತ್ತಾಳೆ ಎಂದೇ ನಾನು ತಿಳಿದೆ. ದೊಡ್ಡವ್ವ ಹಿಂದಿನಿಂದ ಕಾಲು ಚಾಚುತ್ತ ಬಂದು ಕಟ್ಟೆಗೆ ಒರಗಿ ನಿಂತಳು.

"ತಂಗೀ, ನಿನ್ನ ಸೊಸಿ ಶ್ಯಾವಿಗಿ ಭಾಳ ಸಣ್ಣಗ ಹೊಸೀತಾಳಂತ. ಗಾಣಿಗರ ಮನ್ಯಾಗ ಕೇಳ್ಯಾರ, ನಂಗೂ ಮಗಳ ಮನಿಗೆ ಕಳಸಬೇಕಾಗೇತಿ. ಆಕಿ ಕುಂತು ಹೊಸೀಲಿ, ನಿಮ್ಮನಿ ನೀರು ಅವರು ತರ್ತಾರ."

ಹುಣ್ಣಿನ ಹೆಸರೇ ಎತ್ತಲಿಲ್ಲ. ಸೊಸೆಗೆ ರೋಗ ಬಂದಿದೆ ಎಂದಿದ್ದರೆ ಅತ್ತೆಗೆ ಅಪಮಾನ. ಸೊಸೆಯ ಶ್ಯಾವಿಗೆಗೆ ಊರು ಮುಯ್ಯಿ ಕೇಳುತ್ತಿದೆ ಎಂದರೆ? ಅತ್ತೆ ನನ್ನನ್ನು ನೋಡಿದಳು, ದೊಡ್ಡವ್ವನ ಕಾಲಿಗೆ ಸುತ್ತಿದ ಅರಿವೆಯನ್ನು ನೋಡಿದಳು. ಬಹಳ ಹೊತ್ತು ಅದನ್ನೇ ನೋಡಿದಳು.

"ಒಳಗ ನಡಿ," ಎಂದಳು ನನಗೆ. "ಕಾಲು ಮಣಿ ಮ್ಯಾಲ ಇಟಗೊಂಡು ಕುಂದ್ರು."

ಮೂರನೆಯ ದಿನ ತಾನೇ ಬೇವಿನ ಸೊಪ್ಪು ಅರೆದು ತಂದು ನನ್ನ ಕಾಲ ಹತ್ತಿರ ಕುಳಿತಳು. ಕಡ್ಡಿಯನ್ನು ಅವಳೇ ಸುತ್ತಿದಳು, ಉಸಿರು ಬಿಗಿ ಹಿಡಿದು.

ಆ ಬೇಸಿಗೆ ಬಾವಿಯ ಮೇಲಿನ ಮೆಟ್ಟಿಲುಗಳು ನಮ್ಮವಾದವು. ಹುಣ್ಣಿದ್ದವರು ಮೇಲೆ, ಇಲ್ಲದವರು ಕೆಳಗೆ. ಸಾಹೇಬರು ಹೇಳಿದ್ದ ಸೋಸುವ ಅರಿವೆ ಆಗಲೇ ಬಳಕೆಗೆ ಬಂದದ್ದು. ಒಬ್ಬಳೇ ಸೋಸಲು ಹೋದರೆ ಅರಿವೆ ಕೊಡದೊಳಗೆ ಜಾರಿ ಬೀಳುತ್ತಿತ್ತು, ಅದಕ್ಕೇ ಯಾರೂ ಆ ಗೋಜಿಗೆ ಹೋಗಿರಲಿಲ್ಲ. ಈಗ ಮೇಲೆ ಕುಳಿತವರ ಕೈ ಖಾಲಿ ಇದ್ದವು. ನಾವು ಅರಿವೆ ಬಿಗಿ ಹಿಡಿಯುತ್ತಿದ್ದೆವು, ಅವರು ಸುರಿಯುತ್ತಿದ್ದರು. ಸೋಸದೆ ಹೋದವಳನ್ನು ಗಾಣಿಗರ ಮನೆಯ ಹೆಂಗಸು ಓಣಿಯ ತುದಿಯಿಂದ ಕೂಗಿ ಕರೆಯುತ್ತಿದ್ದಳು. ಅವಳ ಬಾಯಿಗಿಂತ ಸೋಸುವುದೇ ಸಸಾರ ಎಂದು ಎಲ್ಲರೂ ಸೋಸಿದರು.

ತಮಾಷೆಯೆಂದರೆ ಸಾಹೇಬರ ಲೋಟದ ಮಾತನ್ನು ದೊಡ್ಡವ್ವ ಪೂರ್ತಿ ನಂಬಿರಲಿಲ್ಲ. ಚವಳಿಕಾಯಿಯ ನಾರು ತೆಗೆಯದೆ ತಿಂದರೆ ಅದೇ ಹೊಟ್ಟೆಯಲ್ಲಿ ಬೆಳೆದು ಕಾಲಿಗೆ ಇಳಿಯುತ್ತದೆ ಎಂದು ಅವಳ ಖಾತ್ರಿ. ಸಾಯುವ ತನಕ ಚವಳಿಕಾಯಿ ಮುಟ್ಟಲಿಲ್ಲ. ಮತ್ತೆ ನೀರು ಯಾಕೆ ಸೋಸಬೇಕು ಎಂದು ನಾನು ಕೇಳಿದರೆ, ಇದ್ದರೂ ಇರಬಹುದವ್ವಾ, ಅವರು ಓದಿದವರು, ಎನ್ನುತ್ತಿದ್ದಳು. ಸಾಹೇಬರು ಮಳೆಗಾಲದ ಹೊತ್ತಿಗೆ ಮತ್ತೆ ಬಂದಾಗ ಮೆಟ್ಟಿಲ ಮೇಲಿನ ನಮ್ಮ ಸಾಲು ನೋಡಿ ಸೈಕಲ್ ನಿಲ್ಲಿಸಿಯೇಬಿಟ್ಟರು. ಇದನ್ನು ಹೇಗೆ ಮಾಡಿಸಿದಿರಿ ಎಂದು ಕೇಳಿದರು.

"ನೀವು ಅಂಜಿಸಿ ಹೋದ್ರಿ," ಎಂದಳು ದೊಡ್ಡವ್ವ. "ಅಂಜಿದವರ ಜೋಡಿ ಯಾರರ ಕುಂದರಬೇಕಲ್ರಿ, ಕುಂತ್ವಿ."

ಅವರು ನಕ್ಕು, ಟೊಪ್ಪಿಗೆ ತೆಗೆದು, ನಮ್ಮ ಪಕ್ಕದ ಕಲ್ಲಿನ ಮೇಲೆ ತಾವೂ ಒಂದಿಷ್ಟು ಹೊತ್ತು ಕುಳಿತು ಸೋಸಿದ ನೀರು ಕುಡಿದು ಹೋದರು.

ಅದಕ್ಕೂ ಮೊದಲೇ, ನನ್ನ ಹುಳ ಇನ್ನೇನು ಪೂರ್ತಿ ಹೊರಗೆ ಬರುವಾಗ, ಒಂದು ಮಧ್ಯಾಹ್ನ ಅರೆದ ಬೇವನ್ನು ಬಟ್ಟಲಲ್ಲಿ ಹಾಕಿಕೊಂಡು ದೊಡ್ಡವ್ವನ ಮನೆಗೆ ಹೋಗಿದ್ದೆ. ಅವಳ ಕಾಲಿಗೆ ನಾನು ಹಚ್ಚಬೇಕು, ಅದು ನನ್ನ ಮುಯ್ಯಿ ಎಂದು ಲೆಕ್ಕ. ಕರೆಯದೆ ಹಿತ್ತಲಿಗೇ ನಡೆದೆ. ಬಿಸಿಲಲ್ಲಿ ಎರಡೂ ಕಾಲು ಚಾಚಿ ಕುಳಿತಿದ್ದಳು. ಅರಿವೆ ಪಕ್ಕದಲ್ಲಿ ಬಿದ್ದಿತ್ತು. ಕಾಲಲ್ಲಿ ಹುಣ್ಣಿರಲಿಲ್ಲ. ಹಳೆಯ, ಮಾಸಿದ ಕಲೆಯೊಂದನ್ನು ಬಿಟ್ಟರೆ ಚರ್ಮ ನುಣ್ಣಗಿತ್ತು. ಕೈಯಲ್ಲಿ ಕಸಬರಿಗೆಯ ಕಡ್ಡಿ. ಮಡಿಲಲ್ಲಿ ಹತ್ತಿ. ಆ ಹತ್ತಿಯನ್ನು ಬೆರಳಿನಿಂದ ಹೊಸೆದು ಎಳೆ ತೆಗೆದು ಕಡ್ಡಿಗೆ ಸುತ್ತುತ್ತಿದ್ದಳು. ನಿನ್ನೆಗಿಂತ ಇವತ್ತು ಒಂದು ಸುತ್ತು ಹೆಚ್ಚು ಕಾಣಬೇಕಲ್ಲ.

"ದೊಡ್ಡವ್ವಾ, ನಿಮಗ ನಾರು..."

ಅವಳು ಬೆಚ್ಚಲಿಲ್ಲ. ಸುತ್ತುವುದನ್ನು ನಿಲ್ಲಿಸಿ ಕಲೆಯ ಮೇಲೆ ಬೆರಳಿಟ್ಟಳು.

"ಎದ್ದಿತ್ತಲ್ಲವ್ವಾ. ನಿನ್ನಷ್ಟಽ ಇದ್ದೆ ನಾ ಆವಾಗ. ಮುಳ್ಳು ನೆಟ್ಟೈತಿ ಅಂತ ಹೇಳಿ ದಿನಾ ನೀರಿಗೆ ಇಳದೆ. ಹರದು ಒಳಗ ಉಳೀತು, ಕಾಲು ಹಿಂಗಾತು. ಆಗ ಹೇಳಾಕ ಬಾಯಿ ಬರಲಿಲ್ಲ. ಈಗ ಹೇಳೇನಿ ನೋಡು, ಒಂದೀಟು ತಡಾ ಆತು."

ಆ ಮನೆಯಿಂದ ಈ ಮನೆಯಿಂದ ನೀರು ತರಿಸಿಕೊಂಡು, ತನ್ನ ಕೊಡವನ್ನು ಕಂಡವರ ಕೈಗೆ ಕೊಟ್ಟು, ಇಲ್ಲದ ಹುಣ್ಣಿನ ಹೆಸರು ಹೊತ್ತುಕೊಂಡು ಇಷ್ಟು ದಿನ ಮೆಟ್ಟಿಲ ಮೇಲೆ ಕುಳಿತಿದ್ದಳಲ್ಲ ಈ ತಾಯಿ, ನಾನು ಮೊದಲನೆಯವಳಾಗಬಾರದು ಎಂದು. ಬಟ್ಟಲನ್ನು ಕೆಳಗಿಟ್ಟು, ಆ ನುಣ್ಣಗಿನ ಕಾಲಿಗೇ ಬೇವು ಹಚ್ಚಿದೆ. ಬೇಡ ಎನ್ನಲಿಲ್ಲ. ತಂಪಾಗಿದೆ ಎಂದಳು.

ಮರುವರ್ಷ ನಾನು ಬಸುರಿಯಾದೆ. ಬಾಣಂತನಕ್ಕೆ ತಡಸಕ್ಕೆ ಹೊರಟಾಗ ದೊಡ್ಡವ್ವ ಗಾಡಿಯ ತನಕ ಬಂದಳು. ಬಾಣಂತಿ ಕೂಸಿನೊಂದಿಗೆ ಗಂಡನ ಮನೆಗೆ ಮರಳಿದಾಗ ಬಾವಿಗೆ ಹೋಗಿ ಗಂಗೆಯ ಪೂಜೆ ಮಾಡಿ ಮೊದಲ ಕೊಡ ತರುವುದು ನಮ್ಮಲ್ಲಿ ವಾಡಿಕೆ. ಆ ದಿನ ತಾನು ಮೇಲಿನ ಮೆಟ್ಟಿಲಲ್ಲಿ ಕೂಸನ್ನು ಹಿಡಿದುಕೊಂಡು ಕೂಡುತ್ತೇನೆ ಎಂದಿದ್ದಳು. ನಾನು ಮರಳುವಷ್ಟರಲ್ಲಿ ಎದುರುಮನೆಗೆ ಕೀಲಿ ಬಿದ್ದಿತ್ತು. ಮಳೆಗಾಲದ ಜ್ವರವಂತೆ, ನಾಲ್ಕೇ ದಿನವಂತೆ. ಮಗಳು ಅಕ್ಕಿಆಲೂರಿನಿಂದ ಬಂದು ಎಮ್ಮೆ ಹೊಡೆದುಕೊಂಡು ಹೋಗಿದ್ದಳು. ತಡಸಕ್ಕೆ ಯಾರೂ ಹೇಳಿ ಕಳಿಸಿರಲಿಲ್ಲ, ಬಾಣಂತಿಗೆ ಇಂಥ ಸುದ್ದಿ ಹೇಳಬಾರದು ಎಂದು.

ಪೂಜೆಯ ದಿನ ಕೂಸನ್ನು ಗಾಣಿಗರ ಮನೆಯ ಹೆಂಗಸು ಹಿಡಿದಳು. ಅರಿಷಿಣ ಕುಂಕುಮ ಏರಿಸಿ, ವಾಸಿಯಾದ ಕಾಲಿನಿಂದ ನೀರಿಗೆ ಇಳಿದು, ಕೊಡ ತುಂಬಿ, ಸೋಸಿ, ತಲೆಯ ಮೇಲಿಟ್ಟುಕೊಂಡು ಮೇಲೆ ಬಂದೆ. ಮೊದಲ ಕೊಡ ದೇವರ ಮನೆಗೆ ಹೋಗಬೇಕು. ನಮ್ಮ ಬಾಗಿಲು ಹತ್ತಿರ ಬಂದಾಗ ಅತ್ತೆ ಅಡ್ಡ ನಿಂತಳು.

"ಇದು ನಮ್ಮ ಮನೀದಲ್ಲ," ಎಂದಳು. "ಎದುರಮನಿಗೆ ಒಯ್ಯಿ. ಆಕಿ ಮುಯ್ಯಿ ಉಳದೈತಿ."

ಯಾರಿಗೂ ಹೇಳದ ಮಾತು ಇವಳಿಗೆ ಹೇಗೆ ಗೊತ್ತು?

"ಆಕಿ ಕಾಲಾಗ ಏನೂ ಇದ್ದಿದ್ದಿಲ್ಲ. ಮೊದಲನೇ ದಿನಾನ ಕಂಡಿತ್ತು ನಂಗ. ಹತ್ತಿ ಎಳಿ ಯಾವುದು, ನಾರು ಯಾವುದು ಅಂತ ತಿಳೀದಷ್ಟು ಕುರುಡಿ ಅಲ್ಲ ನಾ."

ಕೀಲಿ ಹಾಕಿದ ಆ ಬಾಗಿಲಿನ ಮುಂದೆ, ಅವಳು ದಿನಾ ಕೂಡುತ್ತಿದ್ದ ಕಟ್ಟೆಯ ಬುಡದಲ್ಲಿ ಅತ್ತೆಯೂ ನಾನೂ ಕೂಡಿ ಆ ಕೊಡವನ್ನು ಸುರಿದೆವು. ಒಣಗಿದ ನೆಲ, ಸುರಿದಷ್ಟೂ ಕುಡಿಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ, ಎಂದಳು. ಸುತ್ತ ಎಲ್ಲಿಯೂ ಒಲೆ ಇರಲಿಲ್ಲ.

ಈಗ ಅತ್ತೆಯೂ ಇಲ್ಲ. ಬಾವಿಗೆ ಮುಳ್ಳು ಬಡಿದು ಮುಚ್ಚಿ ಎಷ್ಟೋ ವರ್ಷವಾಯಿತಂತೆ. ನಾನು ಮಗನ ಜೊತೆ ಹಾನಗಲ್ಲಿನಲ್ಲಿ ಇದ್ದೇನೆ, ಮನೆಯೊಳಗೇ ನಳ ಬರುತ್ತದೆ. ಮೊಮ್ಮಗಳು ದಾರ ಸುತ್ತಿದ ಕಡ್ಡಿಯನ್ನು ನನ್ನ ಅಂಗೈಯಲ್ಲಿಟ್ಟು ಊಟಕ್ಕೆ ಓಡಿದಳು. ದೊಡ್ಡವ್ವ ಹೊಸೆದಷ್ಟು ಸಣ್ಣ ಎಳೆಯಲ್ಲ ಅದು. ಅದನ್ನು ಹಿಡಿದುಕೊಂಡು ಮುಂಬಾಗಿಲಿನ ಮೆಟ್ಟಿಲ ಮೇಲೆ ಬಂದು ಕುಳಿತೆ.

ಸೊಸೆ ಯಾವಾಗಲೂ ನಗುತ್ತಾಳೆ, ಇಷ್ಟಗಲ ಮೆಟ್ಟಿಲಿದ್ದರೂ ಅತ್ತಿ ಒಂದು ಬದಿಗೇ ಒತ್ತಿಕೊಂಡು ಕೂಡುತ್ತಾರೆ ಎಂದು. ಮೊನ್ನೆಯೂ ಹಾಗೆಯೇ ಕುಳಿತಿದ್ದೆ. ಕತ್ತಲಾಗುವ ತನಕ ಪಕ್ಕದ ಜಾಗ ಖಾಲಿಯೇ ಇತ್ತು.